ಮಾಡೆಲ್‌ನಲ್ಲಿ ನಾನು ಹಾಕಿದ್ದ ಒಂದು ಸೊನ್ನೆ

ಕೀಟಗಳಲ್ಲಿ ವಿಷ ತಾಳುವ ಗುಣ ಎಷ್ಟು ವರ್ಷಕ್ಕೆ ಹರಡುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ವಿಕಾಸ ಅಂದರೆ ಲಕ್ಷಾಂತರ ವರ್ಷದ ಮಾತು ಅಂದುಕೊಳ್ಳುತ್ತೇವೆ. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಅಷ್ಟೆಲ್ಲ ಬೇಕಾಗಲಿಲ್ಲ. ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸಿಕೊಳ್ಳುವ ಬಿಟಿ ಹತ್ತಿಗೆ ಭಾರತದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. 2010ರ ಹೊತ್ತಿಗೆ ಗುಜರಾತಿನಲ್ಲಿ ಅದರ ವಿಷಕ್ಕೆ ಜಗ್ಗದ ಹುಳು ಕಾಣಿಸಿಕೊಂಡಿತ್ತು.

ನನ್ನ ಮೊದಲ ಮಾಡೆಲ್ ಸರಳವಾಗಿತ್ತು. ಪ್ರತಿ ಹುಳುವಿಗೂ ಜೀನಿನ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಸಾವಿರ ಪ್ರತಿಗಳಲ್ಲಿ ಒಂದು ವಿಷ ತಾಳುವಂಥದ್ದು ಅನ್ನಿ. ಆಗ 10 ಲಕ್ಷ ಹುಳುಗಳಲ್ಲಿ ಎರಡೂ ಪ್ರತಿ ಅಂಥದ್ದೇ ಆಗಿರುವುದು ಒಂದೇ ಒಂದು ಹುಳುವಿನಲ್ಲಿ. ಒಂದು ಪ್ರತಿ ಮಾತ್ರ ಇರುವವು ಸುಮಾರು 2000. ಇವು ಬಿಟಿ ಗಿಡದ ಮೇಲೆ ಬದುಕುವುದೇ ಇಲ್ಲ ಅಂತ ಸೊನ್ನೆ ಹಾಕಿದೆ. ಹೊಲದ ಐದನೇ ಒಂದು ಭಾಗ ಬಿಟಿ ಅಲ್ಲದ ಹತ್ತಿ, ಅಲ್ಲಿ ಎಲ್ಲ ಹುಳುಗಳೂ ಬದುಕುತ್ತವೆ ಅಂತ ಇಟ್ಟುಕೊಂಡೆ. ಆ ಗುಣ ಎಲ್ಲೆಡೆ ಹರಡಲು ಸುಮಾರು 250 ತಲೆಮಾರು ಬೇಕು ಅಂತ ಬಂತು. ವರ್ಷಕ್ಕೆ ಐದು ತಲೆಮಾರಿನಂತೆ 50 ವರ್ಷ. ಸಮಾಧಾನವಾಯಿತು.

ಆಮೇಲೆ ರಾಯಚೂರಿನ ಕಡೆ ಒಂದು ಹೊಲಕ್ಕೆ ಹೋಗಿದ್ದೆ. ರೈತರೊಬ್ಬರು ಹಸಿ ಕಾಯಿ ಸೀಳಿ ತೋರಿಸಿದರು. "ನೋಡ್ರಿ ಸರ, ಹುಳ ಒಳಗ ಬೀಜ ತಿಂತದ." ನಾನು ಮಾಡೆಲ್‌ನಲ್ಲಿ ಗಿಡ ಅಂತ ಬರೆದಿದ್ದೆ, ಬೀಜದ ಯೋಚನೆಯೇ ಮಾಡಿರಲಿಲ್ಲ. ನಮ್ಮ ಬಿಟಿ ಹತ್ತಿ ಹೆಚ್ಚಾಗಿ ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪಡೆದದ್ದು. ಅದರಲ್ಲಿ ವಿಷದ ಜೀನ್ ಒಂದೇ ಪ್ರತಿ ಇದ್ದರೆ, ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಿದಾಗ ನಾಲ್ಕು ಬೀಜಕ್ಕೆ ಒಂದರಲ್ಲಿ ವಿಷವೇ ಇರುವುದಿಲ್ಲ. ಅಂದರೆ ಒಂದೇ ಕಾಯಿಯೊಳಗೆ ಎರಡು ಥರದ ಊಟ! ನಾನು ಸಾಯಿಸಿಬಿಟ್ಟಿದ್ದ ಹುಳುಗಳಲ್ಲಿ ಕೆಲವು ಅಲ್ಲೇ ಬದುಕಿಕೊಳ್ಳಬಹುದಲ್ವಾ?

ವಾಪಸ್ ಬಂದು ಆ ಸೊನ್ನೆ ತೆಗೆದೆ. ಜಾಸ್ತಿ ಏನಿಲ್ಲ, ನೂರಕ್ಕೆ ಒಂದು ಬದುಕುತ್ತದೆ ಅಂತ ಹಾಕಿದೆ. ಆ 2000ದಲ್ಲಿ 20 ಉಳಿದವು. ಎರಡೂ ಪ್ರತಿ ಇರುವ ಆ ಒಂಟಿ ಹುಳುವಿಗೆ ಎದುರಾಗಿ 20. 250 ತಲೆಮಾರು 60ಕ್ಕೆ ಇಳಿಯಿತು. 50 ವರ್ಷ ಹೋಗಿ 12 ವರ್ಷ. ಬೇರೆ ಒಂದು ಸಂಖ್ಯೆಯನ್ನೂ ನಾನು ಮುಟ್ಟಿರಲಿಲ್ಲ. ತುಂಬಾ ಹೊತ್ತು ಆ ಗ್ರಾಫನ್ನೇ ನೋಡುತ್ತಾ ಕೂತಿದ್ದೆ.

ಈಗ ನನ್ನ ಹಾಳೆಯಲ್ಲಿ ಪ್ರತಿ ಸಂಖ್ಯೆಯ ಪಕ್ಕ ಇನ್ನೊಂದು ಕಾಲಂ ಇದೆ: ಇದನ್ನು ಯಾರು ಕಣ್ಣಾರೆ ನೋಡಿದ್ದಾರೆ? ಆ ನೂರಕ್ಕೆ ಒಂದರ ಪಕ್ಕ ಇನ್ನೂ ಖಾಲಿ. ಮುಂದಿನ ಬೆಳೆಗೆ ಅದೇ ಹೊಲಕ್ಕೆ ಹೋಗುತ್ತೇನೆ, ಕಾಯಿ ಬಿಡಿಸಿ ಬೀಜ ಬೀಜವಾಗಿ ಎಣಿಸಲು.