ಏಳು ಎಸಳಿನ ಹೂವು

ಬೀದರ್, 14 ಡಿಸೆಂಬರ್ 2024, ಶನಿವಾರ

ಬೆಳಿಗ್ಗೆ ಚಳಿ ಜೋರಿತ್ತು. ಡಿಸೆಂಬರ್‌ನಲ್ಲಿ ನಮ್ಮ ಬೀದರ್ ಹೀಗೇ. ಶನಿವಾರ ಬೇರೆ, ಶಾಲೆ ಬೇಗ ಶುರು. ಮಕ್ಕಳೆಲ್ಲ ಸ್ವೆಟರ್ ತೋಳಿನೊಳಗೆ ಬೆರಳು ಎಳೆದುಕೊಂಡು ಪ್ರಾರ್ಥನೆಗೆ ನಿಂತಿದ್ದರು. ಎಂಟನೇ ತರಗತಿಯ ಒಬ್ಬ ಹುಡುಗಿ ಸಾಲು ಬಿಟ್ಟು ನನ್ನ ಹತ್ತಿರ ಓಡಿ ಬಂದಳು.

"ಟೀಚರ್, ಅಬ್ಬಾ ಇವತ್ತು ಬರ್ರಿ ಅಂದಾರ್ರಿ."

ಇಷ್ಟು ಹೇಳಿ ಮತ್ತೆ ಸಾಲಿಗೆ ಸೇರಿಕೊಂಡಳು. ಈ ಮಾತಿಗಾಗಿ ನಾನು ಒಂದು ವಾರದಿಂದ ಕಾಯುತ್ತಿದ್ದೆ. ಅವಳ ತಂದೆ ಬಿದರಿ ಕೆಲಸದವರು, ಕಪ್ಪು ಲೋಹದ ಸಾಮಾನಿನಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವವರು.

ಇದರ ಹಿಂದಿನದ್ದನ್ನೂ ಬರೆದಿಡುತ್ತೇನೆ, ಮರೆತು ಹೋಗಬಾರದು.

ದೀಪಾವಳಿ ಕಳೆದ ಮೇಲೆ ಬಹುಭುಜಗಳ ಪಾಠ ಬಂತು. ಹೊರಕೋನಗಳ ಮೊತ್ತ 360 ಡಿಗ್ರಿ ಅನ್ನೋದನ್ನು ಮಕ್ಕಳು ಎರಡೇ ದಿನದಲ್ಲಿ ಬಾಯಿಪಾಠ ಮಾಡಿದ್ದರು. ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ಯಾಕೆ 360 ಅಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅದಕ್ಕೇ ಅವರನ್ನು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿ ನಡೆಯುವ ಕಂಪ್ಯೂಟರ್ ಆರು, ಮಕ್ಕಳು ಮೂವತ್ತೆಂಟು. ಇಂಟರ್‌ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸ್ಕ್ರ್ಯಾಚ್ ತಂತ್ರಾಂಶವನ್ನು ಮನೆಯಲ್ಲೇ ಇಳಿಸಿಕೊಂಡು, ಪೆನ್ ಡ್ರೈವ್‌ನಲ್ಲಿ ತಂದು ಆರಕ್ಕೂ ಹಾಕಿದ್ದೆ. ನೆಟ್ ಇಲ್ಲದಿದ್ದರೂ ಅದು ನಡೆಯುತ್ತದೆ. ದುಡ್ಡು ಕೊಡಬೇಕಿಲ್ಲ.

ಸ್ಕ್ರ್ಯಾಚ್ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಇದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇದರಲ್ಲಿ ಪ್ರೋಗ್ರಾಂ ಅನ್ನು ಟೈಪ್ ಮಾಡುವುದಿಲ್ಲ. ಬಣ್ಣಬಣ್ಣದ ಬ್ಲಾಕ್‌ಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಇಷ್ಟು ಹೆಜ್ಜೆ ನಡೆ, ಇಷ್ಟು ಡಿಗ್ರಿ ತಿರುಗು, ಇಷ್ಟು ಸಲ ಮತ್ತೆ ಮಾಡು, ಹೀಗೆ. ಪರದೆಯ ಮೇಲಿನ ಬೆಕ್ಕಿಗೆ ಪೆನ್ ಕೊಟ್ಟರೆ ಅದು ನಡೆದ ದಾರಿಯೆಲ್ಲ ಗೆರೆಯಾಗುತ್ತದೆ. ಇದಕ್ಕೂ ಮೊದಲು, 1967ರಲ್ಲೇ, ಸೆಮೂರ್ ಪೇಪರ್ಟ್ ಮತ್ತು ಅವರ ಜೊತೆಗಾರರು ಲೋಗೋ ಅನ್ನುವ ಭಾಷೆ ಮಾಡಿದ್ದರು. ಅದರಲ್ಲಿ ಬೆಕ್ಕಿನ ಜಾಗದಲ್ಲಿ ಆಮೆ ಇತ್ತು. ಮಗು ತಾನೇ ಆ ಆಮೆಯಾಗಿ ನಡೆದು ನೋಡಬೇಕು, ಆಗ ಕೋನ ಮೈಗೆ ಹತ್ತುತ್ತದೆ ಅನ್ನುವುದು ಪೇಪರ್ಟ್ ಅವರ ನಂಬಿಕೆ.

ಅದು ನಿಜ ಅಂತ ನನಗೆ ಗೊತ್ತಾದದ್ದು ಮೊದಲ ದಿನವೇ. ಸಮಬಾಹು ತ್ರಿಭುಜ ಬಿಡಿಸಿ ಅಂದೆ. ಆರೂ ಕಂಪ್ಯೂಟರ್‌ಗಳಲ್ಲಿ 100 ಹೆಜ್ಜೆ, 60 ಡಿಗ್ರಿ, 3 ಸಲ. ತ್ರಿಭುಜದ ಕೋನ 60 ಅಲ್ವಾ, ಎಲ್ಲರೂ ಅದನ್ನೇ ಹಾಕಿದ್ದರು. ಪರದೆಯ ಮೇಲೆ ಬಾಯಿ ತೆರೆದ ಬಟ್ಟಲಿನಂಥ ಆಕಾರ ಬಂತು. "ಟೀಚರ್, ಇದು ಮುಚ್ಚಂಗೇ ಇಲ್ರಿ!" ನಾನು ಉತ್ತರ ಹೇಳಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ ಸುಣ್ಣದ ಕಡ್ಡಿಯಿಂದ ದೊಡ್ಡ ತ್ರಿಭುಜ ಎಳೆದು, ಒಬ್ಬ ಹುಡುಗನನ್ನು ಅದರ ಮೇಲೆ ನಡೆಸಿದೆ. ಮೂಲೆಗೆ ಬಂದವನು ಕಾಲು ಸುತ್ತಿಗಿಂತ ಜಾಸ್ತಿ ತಿರುಗಿ, ಬಂದ ಕಡೆಗೆ ವಾಲಿ ಮುಖ ಮಾಡಬೇಕಾಯಿತು. ಎರಡನೇ ಮೂಲೆಯಲ್ಲಿ ಅವನೇ ನಿಂತುಬಿಟ್ಟ. "60 ಅಲ್ರಿ. ನಾ 120 ತಿರುಗಾಕತ್ತೀನಿ!" ಎಲ್ಲರೂ ಒಳಗೆ ಓಡಿದರು. 120 ಹಾಕಿದರು. ಮುಚ್ಚಿತು. ಮೂಲೆಯಲ್ಲಿ ಎಷ್ಟು ತಿರುಗುತ್ತೇವೋ ಅದೇ ಹೊರಕೋನ. ಸುತ್ತಿ ಬಂದು ಮೊದಲಿನ ದಿಕ್ಕಿಗೇ ನಿಂತರೆ ಒಟ್ಟು 360 ತಿರುಗಿದ ಹಾಗೆ. ಆ ದಿನದಿಂದ ಆ ತರಗತಿಗೆ ಹೊರಕೋನದ ಬಗ್ಗೆ ನಾನು ಏನೂ ಹೇಳಬೇಕಾಗಿಲ್ಲ.

ಬ್ಲಾಕ್‌ಗಳ ಮೇಲಿನ ಇಂಗ್ಲಿಷ್ ಪದಗಳಿಗೆ ಮಕ್ಕಳೇ ಕನ್ನಡ ಬರೆದು ಗೋಡೆಗೆ ಅಂಟಿಸಿದ್ದಾರೆ. ಪೆನ್ ಡೌನ್ ಅಂದರೆ "ಪೆನ್ ಊರು". ಪೆನ್ ಅಪ್ ಅಂದರೆ "ಪೆನ್ ಎತ್ತು". ಆ ಹಾಳೆ ನನಗೆ ತುಂಬ ಇಷ್ಟ.

ಆಮೇಲೆ ಅವರು ತಮ್ಮಷ್ಟಕ್ಕೇ ಮುಂದೆ ಹೋದರು. ಒಬ್ಬ ಹುಡುಗ ಮನೆಯಿಂದ ಅಣ್ಣನ ಮೊಬೈಲ್ ತಂದು, ಮಹಮೂದ್ ಗವಾನ್ ಮದರಸಾದ ಹೆಂಚುಗಳ ಫೋಟೊ ತೋರಿಸಿದ. 1472ರ ಕಟ್ಟಡ ಅದು. ದಿನಾ ಅದರ ಮುಂದಿನಿಂದಲೇ ಅವನು ಶಾಲೆಗೆ ಬರುತ್ತಾನೆ. 17ನೇ ಶತಮಾನದ ಕೊನೆಯಲ್ಲಿ ಆದ ಸ್ಫೋಟದಲ್ಲಿ ಮುಂಭಾಗದ ಒಂದು ಪಾಲು ಬಿದ್ದುಹೋಗಿದೆ, ಎರಡು ಮಿನಾರಗಳಲ್ಲಿ ಒಂದೇ ಉಳಿದಿದೆ. ಬಣ್ಣದ ಹೆಂಚಿನ ಚಿತ್ತಾರವೂ ಅಲ್ಲಲ್ಲಿ ಉದುರಿದೆ. "ಅರ್ಧ ನಕ್ಷತ್ರ ಐತ್ರಿ. ಉಳಿದ ಅರ್ಧ ನಾ ಮಾಡ್ಲಾ?" ಅಂದ. ಮಾಡಿದ. ಎರಡು ದಿನ ಹಿಡಿಯಿತು. ಹೋಗಿ ಬರುವಾಗ ಆ ಗೋಡೆಯನ್ನು ಈಗ ನಾನೂ ನಿಂತು ನೋಡುತ್ತೇನೆ.

ಈ ಹುಡುಗಿ ಮಾತ್ರ ಬೇರೆ ದಾರಿ ಹಿಡಿದಳು. ನೆಟ್ ಬಂದ ಒಂದು ದಿನ, ಸ್ಕ್ರ್ಯಾಚ್ ತಾಣದಲ್ಲಿ ಯಾರೋ ಹಂಚಿಕೊಂಡಿದ್ದ ಒಂದು ಚಿತ್ರವನ್ನು ತೆರೆದಳು. 36 ವೃತ್ತಗಳು, ಒಂದೊಂದೂ 10 ಡಿಗ್ರಿ ತಿರುಗಿ, ನೂಲಿನ ಹೂವಿನ ಹಾಗೆ. ಆ ತಾಣದಲ್ಲಿ ಯಾರ ಕೆಲಸವನ್ನಾದರೂ ಒಳಗೆ ತೆರೆದು ನೋಡಬಹುದು. ಬ್ಲಾಕ್‌ಗಳೆಲ್ಲ ಕಾಣುತ್ತವೆ. ಅದನ್ನೇ ತೆಗೆದುಕೊಂಡು ಬದಲಾಯಿಸಿ ನಿಮ್ಮದು ಮಾಡಬಹುದು, ಮೂಲ ಯಾರದ್ದು ಅನ್ನುವುದು ಜೊತೆಗೇ ಇರುತ್ತದೆ. ಹಂಚಿಕೊಂಡವರೆಲ್ಲ ಅದಕ್ಕೆ ಒಪ್ಪಿಯೇ ಹಂಚಿರುತ್ತಾರೆ. ಅವಳು ಬಣ್ಣವನ್ನಷ್ಟೇ ಬದಲಾಯಿಸಿ, ಕಪ್ಪು ನೆಲ, ಬಿಳಿ ಗೆರೆ ಮಾಡಿ, ಪ್ರಿಂಟ್ ಕೊಡಿ ಅಂದಳು. ಕೊಟ್ಟೆ. ಆದರೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಇದು ನಕಲು ಅಲ್ವಾ? ಗಣಿತದ ನೋಟ್‌ಬುಕ್ಕಿನಲ್ಲಿ ಪಕ್ಕದವರದ್ದು ನೋಡಿ ಬರೆದರೆ ನಾನೇ ಕೆಂಪು ಗೆರೆ ಹಾಕುತ್ತೇನೆ.

ಮರುದಿನ ಅದೇ ಹಾಳೆ ವಾಪಸ್ ಬಂತು. ಹೂವಿನ ನಟ್ಟನಡುವೆ ಪೆನ್ಸಿಲ್‌ನ ಒಂದು ಸುತ್ತು. ಅವಳ ಅಬ್ಬಾ ಹಾಕಿದ್ದು. "ಇಷ್ಟು ಗೆರಿ ಒಂದೇ ಕಡಿ ಬಂದ್ರ ತಂತಿ ನಿಲ್ಲಂಗಿಲ್ಲ ಅಂದ್ರು ಟೀಚರ್." ಅಂದರೆ ಅವರು ಅದನ್ನು ಚಿತ್ರ ಅಂತ ನೋಡಿಯೇ ಇಲ್ಲ, ಮಾಡಬೇಕಾದ ಕೆಲಸ ಅಂತ ನೋಡಿದ್ದಾರೆ. ಬಿದರಿಯಲ್ಲಿ ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಬೇಕು. ಎರಡು ಗೆರೆಗಳ ನಡುವೆ ಲೋಹ ಉಳಿದರೆ ತಾನೇ ಅದು ತಂತಿಯನ್ನು ಹಿಡಿಯೋದು. 36 ವೃತ್ತ ಒಂದೇ ಬಿಂದುವಿನಲ್ಲಿ ಹಾದುಹೋದರೆ ಅಲ್ಲಿ ಲೋಹವೇ ಉಳಿಯುವುದಿಲ್ಲ.

ಅವಳು ಕೂತಳು. ವೃತ್ತ ಬಿಟ್ಟು ಎಸಳು ಮಾಡಿದಳು. ಒಂದು ಹೆಜ್ಜೆ, ಒಂದು ಡಿಗ್ರಿ, ಹೀಗೆ 90 ಸಲ. ಆಮೇಲೆ 90 ಡಿಗ್ರಿ ತಿರುಗು. ಇದನ್ನೇ ಎರಡು ಸಲ. ಎರಡು ಬಾಗಿದ ಗೆರೆ ಕೂಡಿ ಒಂದು ಎಸಳು. ನಡುವೆ ಜಾಗ ಬಿಡಲು ಪೆನ್ ಎತ್ತಿ 20 ಹೆಜ್ಜೆ ಹೋಗಿ ಪೆನ್ ಊರಿದಳು. ಎಂಟು ಎಸಳು, 45 ಡಿಗ್ರಿಗೊಂದು. ಬಂದದ್ದು ಫ್ಯಾನಿನ ರೆಕ್ಕೆಗಳ ಹಾಗಿತ್ತು, ಎಸಳೆಲ್ಲ ಒಂದೇ ಕಡೆ ವಾಲಿದ್ದವು. ಊಟದ ಬಿಡುವಿನಲ್ಲೂ ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ಕೊನೆಗೆ ಎಸಳು ಶುರು ಮಾಡುವ ಮೊದಲು ಎಡಕ್ಕೆ 45 ತಿರುಗಿಸಿದಳು. ನೆಟ್ಟಗೆ ನಿಂತವು. ಎರಡನೇ ಪ್ರಿಂಟ್ ಮನೆಗೆ ಹೋಯಿತು. ಇವತ್ತು ಕರೆ ಬಂತು.

ಹನ್ನೆರಡಕ್ಕೆ ಶಾಲೆ ಬಿಟ್ಟ ಮೇಲೆ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಇಬ್ಬರೂ ನಡೆದುಕೊಂಡೇ ಹೋದೆವು. ಚೌಬಾರಾ ಗೋಪುರ ದಾಟಿ ಹಳೇ ಊರಿನ ಗಲ್ಲಿ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ನೆಲದ ಮೇಲೆ ಕೂತು, ಕಾಲ ನಡುವೆ ಮರದ ದಿಮ್ಮಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. "ಬರ್ರಿ ಮೇಡಂ, ಕೂಡ್ರಿ" ಅಂದರು. ಮಗಳ ಜೊತೆ ದಖನಿ ಉರ್ದುವಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತು.

ಬಿದರಿ ಸಾಮಾನು ಬೀದರಿನವರ ಮನೆಯಲ್ಲೆಲ್ಲ ಇರುತ್ತದೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಈ ಕಲೆಗಾಗಿ ಪದ್ಮಶ್ರೀ ಬಂದಾಗ ಊರೆಲ್ಲ ಖುಷಿಪಟ್ಟಿತ್ತು. ಆದರೆ ಕೈಯಿಂದ ಕೈಗೆ ಹೋಗುವ ಕೆಲಸವನ್ನು ಇಷ್ಟು ಹತ್ತಿರದಿಂದ ನಾನು ನೋಡಿದ್ದು ಇವತ್ತೇ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಒಂದು ಡಬ್ಬಿಯ ಮುಚ್ಚಳ ಕೈಗೆ ತೆಗೆದುಕೊಂಡರು. ಮೈಲುತುತ್ತದ ನೀರು ಸವರಿದರು. ಬೂದು ಬಣ್ಣದ ಲೋಹ ಕಣ್ಣೆದುರೇ ಕಪ್ಪಾಯಿತು. ಇದು ಬರೀ ಗೆರೆ ಕಾಣಲಿಕ್ಕೆ, ಆಮೇಲೆ ಹೋಗುತ್ತದಂತೆ. ಕಡೆಯ ಕಪ್ಪು ಬರೋದು ಬೆಳ್ಳಿ ಕೂರಿಸಿ ಉಜ್ಜಿದ ಮೇಲೆ, ಕೋಟೆಯ ಹಳೇ ಮಣ್ಣಿಗೆ ನವಸಾಗರ ಹಾಕಿ ಕುದಿಸಿದ ನೀರಿನಿಂದ. ಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ.

ಮಗಳ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು, ಚೂಪಾದ ಕಡ್ಡಿಯಿಂದ ಮುಚ್ಚಳದ ಮೇಲೆ ಎಂಟು ಎಸಳು ಗೀರಿದರು. ಎರಡು ನಿಮಿಷವೂ ಆಗಲಿಲ್ಲ. ಕಪ್ಪಿನ ಮೇಲೆ ಹೊಳೆಯುವ ಗೆರೆ. ಹುಡುಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ನನ್ನೊಳಗಿದ್ದ ಪ್ರಶ್ನೆಯನ್ನು ಅವರನ್ನೇ ಕೇಳಿದೆ. ಇವಳು ಮೊದಲು ಬೇರೆಯವರ ಹೂವು ತೆಗೆದುಕೊಂಡಿದ್ದಳು, ಅದು ಸರಿಯಾ ಅಂತ. ಅವರು ಕೈ ನಿಲ್ಲಿಸದೇ ಹೇಳಿದರು. "ನಾ ಆರು ವರ್ಷ ಉಸ್ತಾದರ ಹೂವೇ ತೆಗದೀನ್ರಿ ಮೇಡಂ. ಅವರು ನೋಡು ಅಂತಿದ್ರು, ಕಲಿಸ್ತೀನಿ ಅಂತ ಎಂದೂ ಅನ್ಲಿಲ್ಲ. ನೋಡಿ ತೆಗಿಲಾರದ ಹ್ಯಾಂಗ ಬರ್ತದ್ರಿ?"

ನನಗೆ ದೊಡ್ಡ ಭಾರ ಇಳಿದ ಹಾಗಾಯಿತು. ಪಾಠದ ವಿಡಿಯೊಗಳನ್ನು ನಾನು ಬೇಡ ಅನ್ನುವವಳಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಸರ್ಕಾರದ ಕಲಿಕಾ ತಾಣ ದೀಕ್ಷಾದಲ್ಲಿ ನೋಡಿದರೆ ಪರೀಕ್ಷೆಗೆ ಅನುಕೂಲ. ನಮ್ಮ ವಿಜ್ಞಾನದ ಟೀಚರ್ ತೋರಿಸುವ, ಪರದೆಯ ಮೇಲೇ ಮಾಡಿ ನೋಡುವ ಫೆಟ್ ಪ್ರಯೋಗಗಳಂತೂ ಚಿನ್ನ. ಅವುಗಳಲ್ಲಿ ಬಹಳಷ್ಟು ಕನ್ನಡದಲ್ಲೇ ಇವೆ, ಇಳಿಸಿಕೊಂಡು ನೆಟ್ ಇಲ್ಲದೆಯೂ ನಡೆಸಬಹುದು. ಆದರೆ ಹುಡುಗಿಯನ್ನು ಊಟ ಬಿಟ್ಟು ಕೂರಿಸಿದ್ದು ಬಿಚ್ಚಿ ನೋಡಲು ಸಿಕ್ಕ ಒಂದು ಕೆಲಸ, ಮತ್ತು ಇದು ನಿಲ್ಲಂಗಿಲ್ಲ ಅಂತ ಹೇಳಬಲ್ಲ ಅಬ್ಬಾ. ಮಕ್ಕಳಿಗೆ ಏನಾದರೂ ಹುಡುಕುವಾಗ ಇನ್ನು ಮೇಲೆ ನಾನು ಮೊದಲು ಕೇಳೋದು ಇಷ್ಟೇ: ಇದನ್ನು ಒಳಗೆ ತೆರೆದು ಕೈ ಆಡಿಸಬಹುದಾ?

ಚಹಾ ಬಂತು. ಲ್ಯಾಪ್‌ಟಾಪ್ ತೆರೆದು ಅವಳು ಅಬ್ಬಾಗೆ ಬ್ಲಾಕ್‌ಗಳನ್ನು ತೋರಿಸಿದಳು. 8 ಅನ್ನು 6 ಮಾಡಿದಳು, 12 ಮಾಡಿದಳು. ಅವರು ಸುಮ್ನೆ ನೋಡುತ್ತಿದ್ದವರು ಒಮ್ಮೆಲೇ ಕೇಳಿದರು. "ಏಳು ಬರ್ತದೇನು? ಕೈವಾರದಾಗ ಆರು, ಎಂಟು, ಹನ್ನೆರಡು ಬರ್ತಾವ. ಏಳು ಅಂದಾಜಿನ ಮ್ಯಾಲೇ ಹಾಕಬೇಕು."

ಅವಳು 51 ಡಿಗ್ರಿ ಹಾಕಿದಳು. ಏಳು ಎಸಳು ಬಿರಿದವು. ನನ್ನ ಕಣ್ಣಿಗೆ ಸರಿಯಾಗಿಯೇ ಇತ್ತು. ಅವರು ಪರದೆಗೆ ಬೆರಳು ತಾಗಿಸಿದರು. "ಇಲ್ಲಿ ಒಂದು ಕೂದಲು ಅಗಲ ಐತಿ." ಏಳು ಐವತ್ತೊಂದಲಿ 357. ಮೂರು ಡಿಗ್ರಿ ಎಲ್ಲ ಕೊನೆಯ ಸಂದಿಗೆ ಹೋಗಿತ್ತು! ಬರಿಗಣ್ಣಿನಿಂದ ಮೂರು ಡಿಗ್ರಿ ಹಿಡಿದ ಮನುಷ್ಯನ ಮುಂದೆ ನಾನು ಕೂತಿದ್ದೆ.

ಆಗ ಅವಳು ಹಸಿರು ಬ್ಲಾಕ್‌ಗಳಲ್ಲಿ ಭಾಗಾಕಾರ ಹುಡುಕಿ, ಒಂದು ಕಡೆ 360, ಇನ್ನೊಂದು ಕಡೆ 7 ಬರೆದು, 51 ಇದ್ದ ಜಾಗಕ್ಕೆ ಅದನ್ನು ಕೂರಿಸಿದಳು. ಇದನ್ನು ನಾನು ಕಲಿಸಿರಲಿಲ್ಲ. ಮತ್ತೆ ಏಳು ಎಸಳು. ಈ ಸಲ ಅವರು ತುಂಬ ಹೊತ್ತು ನೋಡಿದರು. "ಈಗ ಬರೋಬರಿ ಆತು."

ಕೈವಾರ ಮತ್ತು ಪಟ್ಟಿ ಎರಡರಿಂದಲೇ ವೃತ್ತವನ್ನು ಏಳು ಸರಿಸಮ ಭಾಗ ಮಾಡಲು ಆಗುವುದೇ ಇಲ್ಲ, 1837ರಲ್ಲಿ ವಾಂಟ್ಸೆಲ್ ಅನ್ನುವ ಫ್ರೆಂಚ್ ಗಣಿತಜ್ಞ ಅದನ್ನು ಸಾಧಿಸಿ ತೋರಿಸಿದ್ದಾನೆ ಅಂತ ನಾನು ಹೇಳಿದೆ. ಅವರು ತಲೆಯಾಡಿಸಿದರು. "ನಮ್ಮ ಉಸ್ತಾದರೂ ಹಿಂಗೇ ಅಂತಿದ್ರು, ಏಳು ಮಾತು ಕೇಳಂಗಿಲ್ಲ ಅಂತ." ಆಮೇಲೆ ಮುಚ್ಚಳ ತೆಗೆದುಕೊಂಡು, ಗೀರಿದ್ದ ಎಂಟು ಎಸಳನ್ನು ಮರಳುಕಾಗದದಿಂದ ಉಜ್ಜಿ ಅಳಿಸಿದರು. ಮತ್ತೆ ಮೈಲುತುತ್ತ ಸವರಿ ಒಣಗಲು ಕಿಟಕಿಯಲ್ಲಿಟ್ಟರು.

ಬೀಳ್ಕೊಡಲು ಗಲ್ಲಿಯ ತುದಿತನಕ ಬಂದ ಹುಡುಗಿ ಕೇಳಿದಳು. "ಟೀಚರ್, 360ನ್ನು 7ರಿಂದ ಭಾಗಿಸಿದ್ರ ಮುಗಿಯಂಗೇ ಇಲ್ರಿ. ನೋಟ್‌ಬುಕ್‌ನ್ಯಾಗ ಮಾಡಿ ನೋಡೀನಿ. ಹೂವು ಹ್ಯಾಂಗ ಮುಗೀತ್ರಿ?"

ಸೋಮವಾರ ಬೋರ್ಡಿನ ಮೇಲೆ ಅಲ್ಲಿಂದಲೇ ಶುರು ಮಾಡುತ್ತೇನೆ. 428571 ಮತ್ತೆ ಮತ್ತೆ ಬರುವುದನ್ನು ಅವರೇ ಕಂಡುಕೊಳ್ಳಲಿ. ಮರೆಯದೇ ಏಳು ಎಸಳಿನ ಪ್ರಿಂಟ್ ಅವಳ ಅಬ್ಬಾಗೆ ಒಯ್ಯಬೇಕು, ಮುಚ್ಚಳ ನಾಲ್ಕು ಇಂಚಿನದು.