ಗಿಡ್ಡ ಹೋಯ್ತು, ಎಚ್ಎಫ್ ಬಂತು

ಊರಿನ ಡೈರಿಯಲ್ಲಿ ಸಂಜೆ ಹಾಲು ಹಾಕುವವರ ಸಾಲು ನೋಡಿ ಅನ್ನಿಸಿದ್ದು. ಇಲ್ಲಿ ಒಬ್ಬರದ್ದೂ ನಮ್ಮ ಕಡೆಯ ಕುಳ್ಳ ದೇಸಿ ದನ ಮಲೆನಾಡು ಗಿಡ್ಡದ ಹಾಲಲ್ಲ. ಎಲ್ಲಾ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಎಂಬ ವಿದೇಶಿ ದನಗಳ ಮಿಶ್ರತಳಿ.

ನಮ್ಮ ಕಡೆ ಹಾಲಿಗಾಗಿಯೇ ದನ ಸಾಕಿದವರು ಕಮ್ಮಿ. ಅಡಿಕೆ ತೋಟಕ್ಕೆ ಗೊಬ್ಬರ ಬೇಕಿತ್ತು, ಅದಕ್ಕೆ ಕೊಟ್ಟಿಗೆ ತುಂಬ ಗಿಡ್ಡ. ಬೆಳಿಗ್ಗೆ ಬಿಟ್ಟರೆ ಬೆಟ್ಟ, ಬ್ಯಾಣ (ಹುಲ್ಲುಗಾವಲು) ಸುತ್ತಿ ಸಂಜೆ ತಾವೇ ಬರುತ್ತಿದ್ದವು. ಕೊಡುತ್ತಿದ್ದದ್ದು ಒಂದೆರಡು ಲೀಟರ್, ಮನೆಯ ಮಜ್ಜಿಗೆಗೆ ಸಾಕು. ಖರ್ಚೂ ಇಲ್ಲ ಅನ್ನುವಷ್ಟು.

ಈಗಿನ ಹಸು ಹತ್ತು ಲೀಟರ್ ಕೊಡುತ್ತದೆ, ನಿಜ. ಆದರೆ ಹಿಂಡಿ ಅಂಗಡಿಯಿಂದ, ಒಣಹುಲ್ಲು ಬಯಲುಸೀಮೆಯಿಂದ ಲಾರಿಯಲ್ಲಿ. ಕೆಚ್ಚಲು ಬಾವು ಬಂದರೆ ಡಾಕ್ಟರು. ಡೈರಿಯಲ್ಲಿ ದರ ಕಟ್ಟುವುದು ಹಾಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ತಡವಾದರೆ ಲೆಕ್ಕವೇ ತಪ್ಪುತ್ತದೆ. ಗಂಡು ಕರು ಹುಟ್ಟಿದರಂತೂ ಮನೆಯವರ ಮುಖ ನೋಡಬೇಕು! ಉಳುವುದಕ್ಕೆ ಟಿಲ್ಲರ್ ಬಂದ ಮೇಲೆ ಅದು ಯಾರಿಗೂ ಬೇಡ.

ಹಾಗಂತ ಹಳೆಯದೇ ಚೆಂದ ಅಂತ ನಾನು ಹೇಳುವುದಿಲ್ಲ. ಡೈರಿ ದುಡ್ಡು ಹೆಂಗಸರ ಕೈಗೆ ಬಂತು, ಅದು ಸಣ್ಣ ಮಾತಲ್ಲ. ಗಿಡ್ಡಕ್ಕೆ 2012ರಲ್ಲಿ ತಳಿ ಅಂತ ಅಧಿಕೃತ ಮಾನ್ಯತೆಯೂ ಸಿಕ್ಕಿತು. ಆದರೆ ಮೇಯಲು ಜಾಗ ಬೇಕಲ್ವಾ? ಗೋಮಾಳ ಒತ್ತುವರಿ, ಬ್ಯಾಣದಲ್ಲಿ ಅಕೇಶಿಯಾ. ಅದರ ಅಡಿಯಲ್ಲಿ ಹುಲ್ಲೂ ಸರಿಯಾಗಿ ಬರುವುದಿಲ್ಲ. ಮೊದಲು ಆ ಜಾಗ ಬಿಡಿಸಿಕೊಡಿ, ಆಮೇಲೆ ದೇಸಿ ತಳಿ ಉಳಿಸಿ ಅಂತ ಭಾಷಣ ಮಾಡಿ.