ಎಂಜಿನ್ ಎಳೆಯುತ್ತಿಲ್ಲ ಅಂತ ಎರಡು ಭಾನುವಾರ ಹಾಳು

ನಮ್ಮದು ಸಣ್ಣ ನಾಡದೋಣಿ, 9.9 ಎಚ್‌ಪಿಯ ಸೀಮೆಎಣ್ಣೆ ಎಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ಜೂನ್, ಜುಲೈಯಲ್ಲಿ ಮಲ್ಪೆಯ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಸುಮ್ನೆ ನಿಂತಿರುವಾಗ 10 ಎಚ್‌ಪಿ ಒಳಗಿನ ದೋಣಿಗಳಿಗೆ ಮೀನಿಗೆ ಹೋಗಲು ಬಿಡುತ್ತಾರೆ, ಹಾಗಾಗಿ ಮಳೆ ಹಿಡಿಯುವ ಮೊದಲೇ ಎಂಜಿನ್ ಸರಿ ಇರಬೇಕು. ಈ ಸಲ ಮೇ ತಿಂಗಳಲ್ಲೇ ಕೈಕೊಟ್ಟಿತು.

ಹಂಗಾರಕಟ್ಟೆಯಿಂದ, ನದಿ ಕಡಲು ಸೇರುವ ಅಳಿವೆ ಕಡೆ ಹೊರಟರೆ ಅರ್ಧ ರೇಸಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಪೂರ್ತಿ ಕೊಟ್ಟರೆ ಎರಡು ನಿಮಿಷ ಎಳೆದು ಆಮೇಲೆ ಕುಸಿಯುತ್ತದೆ, ರೇಸ್ ಇಳಿಸಿದರೆ ಮತ್ತೆ ಸರಿ. ಮೊದಲ ಭಾನುವಾರ ಪ್ಲಗ್ ಬದಲಿಸಿದೆ. ಹಳೆಯದು ಕಪ್ಪಾಗಿತ್ತು, ಆದರೆ ಸೀಮೆಎಣ್ಣೆಯಲ್ಲಿ ಓಡುವ ಪ್ಲಗ್ ಕಪ್ಪಾಗದೆ ಬೆಳ್ಳಗಿರುತ್ತದಾ? ಎರಡನೇ ಭಾನುವಾರ ಕಾರ್ಬ್ಯುರೇಟರ್ ಬಿಚ್ಚಿ, ಎಣ್ಣೆ ಹಾಯುವ ಸಣ್ಣ ತೂತಿನ ಜೆಟ್ ಊದಿದೆ. ನೀರಿನಡಿ ತಿರುಗಿ ದೋಣಿ ತಳ್ಳುವ ಫ್ಯಾನಿನ ಮೇಲೂ ಅನುಮಾನ ಬಂತು. ಅದರ ಒಳಗಿನ ರಬ್ಬರ್ ಬುಷ್ ಜಾರಿದರೆ ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ಎಂಜಿನ್ನೇ ಸೊರಗುತ್ತಿತ್ತು, ಹಾಗಾಗಿ ಫ್ಯಾನ್ ಬಿಟ್ಟೆ. ಎಂಜಿನ್ ತಂಪು ಮಾಡುವ ನೀರೂ ಸರಿಯಾಗಿ ಚಿಮ್ಮುತ್ತಿತ್ತು.

ಮಾವ ಇಷ್ಟೂ ಹೊತ್ತು ಬಲೆ ಹೊಲಿಯುತ್ತಾ ನೋಡುತ್ತಿದ್ದರು. "ಎಂತ ಮಾರಾಯ, ಪೈಪಿನ ಬಲ್ಬ್ ಒತ್ತಿ ನೋಡಿದೆಯಾ?" ಅಂದರು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಡುವೆ, ಕೈಯಲ್ಲಿ ಒತ್ತಿ ಎಣ್ಣೆ ತಳ್ಳುವ ರಬ್ಬರ್ ಉಂಡೆ ಅದು.

ನೋಡಿರಲಿಲ್ಲ.

ಮತ್ತೆ ಹೊರಟೆವು, ಪೂರ್ತಿ ರೇಸ್ ಕೊಟ್ಟು ಎಂಜಿನ್ ಸೊರಗಲು ಶುರುವಾದ ಕೂಡಲೇ ಬಲ್ಬ್ ಒತ್ತಿದೆ, ಒಂದು ಕ್ಷಣ ಜೀವ ಬಂದ ಹಾಗೆ ಎಳೆಯಿತು. ಅಂದರೆ ಕರೆಂಟಿನ ತೊಂದರೆ ಅಲ್ಲ, ಎಣ್ಣೆ ಸಾಲುತ್ತಿಲ್ಲ. ಆದರೆ ಕೈ ಬಿಟ್ಟ ಮೇಲೆ ಬಲ್ಬ್ ಉಬ್ಬಲೇ ಇಲ್ಲ, ಒಣಗಿದ ಮಾವಿನಕಾಯಿ ಥರ ಚಪ್ಪಟೆಯಾಗಿಯೇ ಉಳಿಯಿತು. ಅಂದ ಮೇಲೆ ಅಡ್ಡಿ ಇರುವುದು ಬಲ್ಬಿಗಿಂತ ಹಿಂದೆ, ಟ್ಯಾಂಕಿನ ಕಡೆ. ಎಂಜಿನ್ ಎಳೆಯುತ್ತದೆ, ಹಿಂದಿನಿಂದ ಎಣ್ಣೆ ಬರುವುದಿಲ್ಲ, ಬಲ್ಬ್ ಒಳಕ್ಕೆ ಹೋಗುತ್ತದೆ. ಅರ್ಧ ರೇಸಿಗೆ ಸ್ವಲ್ಪ ಎಣ್ಣೆ ಸಾಕು, ಅದಕ್ಕೇ ಅಲ್ಲಿ ಗೊತ್ತಾಗುತ್ತಿರಲಿಲ್ಲ.

ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಮೊದಲು ನೋಡಿದೆ. ಅದು ಮುಚ್ಚಿದ್ದರೂ ಇದೇ ಲಕ್ಷಣ, ಮತ್ತು ನಾಚಿಕೆಯಾಗುವಷ್ಟು ಜನ ಅದನ್ನು ತೆರೆಯಲು ಮರೆಯುತ್ತಾರೆ. ತೆರೆದೇ ಇತ್ತು. ಪಕ್ಕದ ದೋಣಿಯಿಂದ ಟ್ಯಾಂಕ್, ಪೈಪ್ ಎರಡೂ ಕೇಳಿ ತಂದು ಹಾಕಿದೆ. ಎಂಜಿನ್ ಹಾರಿಕೊಂಡು ಹೋಯಿತು!

ನಮ್ಮ ಪೈಪನ್ನು ಮೀನು ಕೊಯ್ಯುವ ಕತ್ತಿಯಲ್ಲಿ ಉದ್ದಕ್ಕೆ ಸೀಳಿದೆವು. ಹೊರಗೆ ಹೊಸದರ ಹಾಗಿದೆ, ಒಳಪದರ ಕಿತ್ತು ಬಾಗಿಲಿನ ಥರ ನೇತಾಡುತ್ತಿತ್ತು. ಜೋರಾಗಿ ಎಳೆದಾಗ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಎಣ್ಣೆಗೆ ಆಗುವ ಪೈಪ್ ಹೌದಾ ಅಂತ ಕೇಳದೆ ಕಳೆದ ವರ್ಷ ಮೀಟರ್ ಲೆಕ್ಕದಲ್ಲಿ ಅಗ್ಗಕ್ಕೆ ತಂದವನು ನಾನೇ.

ಮಾವ ಬೈಯಲಿಲ್ಲ. ಸೀಳಿದ ಪೈಪನ್ನು ಶೆಡ್ಡಿನಲ್ಲಿ ನಾನು ಪ್ಲಗ್ ಸ್ಪ್ಯಾನರ್ ನೇತುಹಾಕುವ ಮೊಳೆಗೇ ಸಿಕ್ಕಿಸಿ ಇಟ್ಟಿದ್ದಾರೆ.